ಇವನಲ್ಲಿ ಏನು ಕೊರತೆ?

ಕ್ಲೋಸ್‌ಪೇಟೆ ಎಂಬ ಹೆಸರು ಹೋಗಿ ರಾಮನಗರ ಎಂಬ ಹೆಸರು ಜನರ ಬಾಯಿಗೆ ಇನ್ನೂ ಪೂರ್ತಿ ಒಗ್ಗದಿದ್ದ ಕಾಲ ಅದು. ಊರಿನಲ್ಲಿ ಶಾಲೆಗಳಿಗೇನೂ ಬರಗಾಲವಿರಲಿಲ್ಲ. ಸರ್ಕಾರದ್ದಿತ್ತು, ಮುನಿಸಿಪಾಲಿಟಿಯದಿತ್ತು, ಉರ್ದು ಶಾಲೆಯೂ ಇತ್ತು. ಆದರೂ ಯಾರಾದರೂ ‘ನಮ್ಮ ಹುಡುಗನಿಗೆ ಸ್ಕೂಲಾಯ್ತು’ ಎಂದರೆ ಅದು ಬಂಡೆ ಸ್ಕೂಲು ಎಂದೇ ಅರ್ಥ. ಬೋರ್ಡಿನ ಮೇಲೆ ‘ಬಾಲಕರ ವಿದ್ಯಾಶಾಲೆ’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದರು. ಆದರೆ ಹಿಂದೆ ಅಷ್ಟು ದೊಡ್ಡ ಬಂಡೆ ನಿಂತಿರುವಾಗ ಬೋರ್ಡನ್ನು ಓದುವವರು ಯಾರು?

ಆ ಶಾಲೆಗೆ ಕೊಬ್ಬೂ ಅಷ್ಟೇ ಇತ್ತು. ಅದು ಸರ್ಕಾರದ್ದಲ್ಲ, ಮಿಷನ್ನಿನದೂ ಅಲ್ಲ. ರೇಷ್ಮೆ ವ್ಯಾಪಾರಿಗಳ ಒಂದು ಕಮಿಟಿ ಕಟ್ಟಡ ಕೊಟ್ಟಿತ್ತು, ಮಿಕ್ಕಿದ್ದನ್ನೆಲ್ಲ ಮಾಗಡಿಯಿಂದ ಬಂದ ಹೆಡ್‌ಮಾಸ್ಟರ್ ಅಳಸಿಂಗಾಚಾರ್ಯರು ಕೊಟ್ಟಿದ್ದರು. ಗಂಡುಹುಡುಗರಿಗೆ ಮಾತ್ರ ಪ್ರವೇಶ, ಅದೂ ಏಪ್ರಿಲ್‌ನಲ್ಲಿ ನಡೆಯುವ ಒಂದು ಪರೀಕ್ಷೆ ಗೆದ್ದವರಿಗೆ. ಬಿಡದಿಯಿಂದ, ಚನ್ನಪಟ್ಟಣದಿಂದ, ಕೂಟಗಲ್ಲಿನಿಂದ ಹುಡುಗರು ತಲೆಗೆ ಎಣ್ಣೆ ಹಚ್ಚಿಕೊಂಡು ಬಂದು ಜಗಲಿಯ ತುಂಬ ಕೂತು ಬರೆಯುತ್ತಿದ್ದರು. ಬಂದವರಲ್ಲಿ ಒಂದು ತರಗತಿಗೆ ಹಿಡಿಸುವಷ್ಟು ಜನ ಒಳಗೆ, ಮಿಕ್ಕವರು ಹೊರಗೆ. ಎಂಎಲ್ಎ ಕಡೆಯಿಂದ ಶಿಫಾರಸು ತಂದವರಿಗೆ ಆಚಾರ್ಯರು ಒಂದು ಲೋಟ ನೀರು ಕೊಟ್ಟು, ಬಿಸಿಲು ಜಾಸ್ತಿ, ನಿಧಾನಕ್ಕೆ ಹೋಗಿ ಎಂದು ಕಳಿಸುತ್ತಿದ್ದರು. ಇಷ್ಟು ಕಟ್ಟುನಿಟ್ಟಿನ ಮನುಷ್ಯ, ಬೆಳಗಿನ ಗಂಟೆಯನ್ನು ಮಾತ್ರ ಮೈಸೂರು ಪ್ಯಾಸೆಂಜರ್ ಬಂದು ನಿಂತ ಮೇಲೆಯೇ ಹೊಡೆಸುತ್ತಿದ್ದರು. ರೈಲು ತಡವಾದರೆ ಅದಕ್ಕೆ ಹುಡುಗರು ಏನು ಮಾಡಿಯಾರು ಎನ್ನುವುದು ಅವರ ವಾದ.

ಇನ್ನೊಂದು ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇರಲಿಲ್ಲ. ಬಂಡೆ ಸ್ಕೂಲಿಗೆ ಹಾಸ್ಟೆಲಿಲ್ಲ. ಹುಡುಗ ಸಂಜೆ ತನ್ನ ಮನೆಗೆ ಹೋಗಬೇಕು, ತನ್ನವರ ಕೈಯಲ್ಲಿ ಉಂಡು ಮಲಗಬೇಕು. ಛತ್ರದಲ್ಲೋ ಬಾಡಿಗೆ ರೂಮಿನಲ್ಲೋ ಇದ್ದಾನೆ ಎಂದು ಗೊತ್ತಾದರೆ ಅವನ ಜಾಗ ಮುಂದಿನವನಿಗೆ ಹೋಗುತ್ತಿತ್ತು. ಆಚಾರ್ಯರು ಸ್ವತಃ ವಾರಾನ್ನದ ಹುಡುಗ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಯ ಅನ್ನ ಉಂಡು ಓದಿದವರು. ಹೊಟ್ಟೆಗೇನೂ ಕಡಿಮೆಯಾಗಿರಲಿಲ್ಲವಂತೆ. ಆದರೆ ಯಾಕೋ ಇವತ್ತು ಮಂಕಾಗಿದ್ದೀಯ ಎಂದು ಏಳು ಮನೆಯಲ್ಲಿ ಒಬ್ಬರೂ ಕೇಳಲಿಲ್ಲವಂತೆ. ಆ ಸಂಕಟ ಅವರ ಹೊಟ್ಟೆಯಲ್ಲಿ ಹಾಗೇ ಉಳಿದು, ಕೊನೆಗೆ ಶಾಲೆಯ ಕಾನೂನಾಗಿ ಹೊರಗೆ ಬಂದಿತ್ತು.

ಅದಕ್ಕೇ ಅವರು ಪ್ರತಿ ವರ್ಷ ಹೊಸ ಹುಡುಗರ ಮನೆಗೆಲ್ಲ ತಾವೇ ಹೋಗುತ್ತಿದ್ದರು. ಹೋಗಿ ಕೂತು ತಾಯಿಯನ್ನು ಕರೆಸಿ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಇವನಲ್ಲಿ ಏನು ಕೊರತೆ?” ಆ ಪ್ರಶ್ನೆ ಊರಿಗೆಲ್ಲ ಗೊತ್ತಿತ್ತು. ಚನ್ನಪಟ್ಟಣದ ಒಬ್ಬ ಶ್ರೀಮಂತರ ಮನೆಯಲ್ಲಿ ‘ನಮ್ಮ ಹುಡುಗನಲ್ಲಿ ಯಾವ ಕೊರತೆಯೂ ಇಲ್ಲ’ ಎಂದಿದ್ದಕ್ಕೆ, ಹಾಗಾದರೆ ನೀವು ಅವನನ್ನು ಇನ್ನೂ ನೋಡಿಲ್ಲ ಎಂದು ಕೊಡೆ ತೆಗೆದುಕೊಂಡು ಎದ್ದಿದ್ದರಂತೆ. ಹೊಗಳುವುದಕ್ಕೆ ಊರೆಲ್ಲ ಇದೆ, ಕೊರತೆ ಗೊತ್ತಿರುವುದು ಮನೆಯವರಿಗೆ ಮಾತ್ರ ಎನ್ನುವುದು ಅವರ ಲೆಕ್ಕಾಚಾರ.

ಬದ್ರುನ್ನೀಸಾಳಿಗೂ ಈ ಪ್ರಶ್ನೆ ಗೊತ್ತಿತ್ತು. ಗೊತ್ತಿದ್ದದ್ದೇ ಅವಳ ಕಷ್ಟವಾಯಿತು.

ರೇಷ್ಮೆ ನೂಲು ತೆಗೆಯುವವರ ಬೀದಿಯಲ್ಲಿ ಅವಳ ಮನೆ. ಹಿತ್ತಲ ಚಪ್ಪರದಲ್ಲಿ ಒಲೆ, ಒಲೆಯ ಮೇಲೆ ಕುದಿಯುವ ನೀರಿನ ಬಾಣಲೆ, ಪಕ್ಕದಲ್ಲಿ ಚರಕ. ಗಂಡ ಗಫಾರ್ ಗೂಡು ಕೊಂಡು ತಂದರೆ ಅವಳು ಬಾಣಲೆಯ ಮುಂದೆ ಕೂತು, ಬೆಂದ ಗೂಡುಗಳಿಂದ ಎಳೆ ಹಿಡಿದು ಚರಕಕ್ಕೆ ಕೊಡುತ್ತಿದ್ದಳು. ಬೆರಳ ತುದಿಗಳು ಸದಾ ನೆನೆದು ಬಿಳುಚಿಕೊಂಡಿರುತ್ತಿದ್ದವು. ಗೂಡಿನೊಳಗೆ ಹುಳು ಬೇಯುವ ವಾಸನೆ ಹೊಸಬರಿಗೆ ಹೊಟ್ಟೆ ತೊಳೆಸುತ್ತದೆ. ಅವಳ ಮೂಗಿಗೆ ಅದು ತಿಳಿಯುವುದು ನಿಂತೇ ಹೋಗಿ ವರ್ಷಗಳಾಗಿದ್ದವು.

ಗಫಾರನಿಗೆ ಗೂಡು ಕೊಡುತ್ತಿದ್ದವರಲ್ಲಿ ಕನಕಪುರ ಕಡೆಯ ದೊಡ್ಡಆಲಹಳ್ಳಿಯ ಬೈರಪ್ಪ ಹಳಬ. ಎರಡು ಬಸ್ಸು ಬದಲಾಯಿಸಿ ಬರಬೇಕಾದ ಊರು. ಗೂಡು ಇಳಿಸಿ, ಜಗಲಿಯ ಮೇಲೆ ಮಲಗಿ, ಬೆಳಗಿನ ಬಸ್ಸಿಗೆ ಹೋಗುವುದು ಅವನ ರೂಢಿ. ಆ ವರ್ಷ ಏಪ್ರಿಲ್‌ನಲ್ಲಿ ಅವನ ಮಗ ಮಾದೇಶ ಬಂಡೆ ಸ್ಕೂಲಿನ ಪರೀಕ್ಷೆಗೆಂದು ಬಂದವನು ಇದೇ ಜಗಲಿಯ ಮೇಲೆ ಮಲಗಿದ್ದ. ಬದ್ರುನ್ನೀಸಾಳ ಮಗ ನಿಯಾಜನೂ ಅದೇ ಪರೀಕ್ಷೆ ಬರೆಯುವವನಿದ್ದ. ಬೆಳಿಗ್ಗೆ ಇಬ್ಬರಿಗೂ ಒಂದೇ ತಟ್ಟೆಯಲ್ಲಿ ತಿನ್ನಿಸಿ, ಇಬ್ಬರ ತಲೆಯ ಮೇಲೂ ಕೈಯಿಟ್ಟು ಅವಳೇ ಕಳಿಸಿದ್ದಳು.

ಮಾದೇಶನಿಗೆ ಸೀಟು ಸಿಕ್ಕಿತು. ನಿಯಾಜನಿಗೆ ಸಿಗಲಿಲ್ಲ. ಸಿಗಲಿಲ್ಲ ಎಂದರೆ ಸುಮ್ಮನೆ ಅಲ್ಲ, ಹೊರಗುಳಿದವರಲ್ಲಿ ಅವನೇ ಮೊದಲನೆಯವನು. ಯಾರಾದರೂ ಬಿಟ್ಟರೆ ನಿಮ್ಮ ಹುಡುಗನಿಗೇ ಸಾಬ್ರೇ, ಎಂದು ಶಾಲೆಯ ಗುಮಾಸ್ತ ಸಮಾಧಾನ ಹೇಳಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗೆ. ಬಂಡೆ ಸ್ಕೂಲನ್ನು ಬಿಟ್ಟವರು ಯಾರಿದ್ದಾರೆ?

ಅದರ ಮೇಲೆ ಬೈರಪ್ಪ ಬಂದು ಇನ್ನೊಂದು ಹೊರೆ ಇಳಿಸಿದ. ಟೌನಿನಲ್ಲೇ ಮನೆ ಮಾಡಿದ್ದೇವೆ, ಹುಡುಗನ ತಾಯಿ ಬೋರಮ್ಮನೂ ಇಲ್ಲೇ ಇರುತ್ತಾಳೆ ಎಂದು ಮೇಷ್ಟ್ರ ಮುಂದೆ ಸುಳ್ಳು ಹೇಳಿಬಂದಿದ್ದ.

“ನಿಮ್ಮನೇನೇ ತೋರ್ಸ್‌ಬುಟ್ಟೆ ಬದ್ರಮ್ಮ,” ಎಂದ ತಲೆ ಕೆರೆದುಕೊಳ್ಳುತ್ತ. “ಮೇಷ್ಟ್ರು ಬರೋ ದಿನ ಬೋರಮ್ಮನ್ನ ಕರ್ಕಂಡ್ ಬಂದು ಕೂರಿಸ್ತೀನಿ. ಒಂದಿನದ್ ಮಾತು. ಅಲ್ಲೀಗಂಟ ಹುಡ್ಗ ನಿಮ್ ಜಗಲೀಲಿ ಬಿದ್ದಿರ್ಲಿ.”

ಗಫಾರ್ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅವನದು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಎಷ್ಟೋ ವರ್ಷದ ಪರಿಚಯ, ಬಾಗಿಲಿಗೆ ಬಂದ ಹುಡುಗ. ಬದ್ರುನ್ನೀಸಾ ಆಗಲಿ ಎಂದಳು.

ಆಗಲಿ ಎಂದದ್ದು ಬಾಯಿ. ಹೊಟ್ಟೆ ಉರಿಯುತ್ತಲೇ ಇತ್ತು. ಜೂನ್‌ನಲ್ಲಿ ಮಾದೇಶ ಬಿಳಿ ಅಂಗಿ ತೊಟ್ಟು ಬಂಡೆಯ ಕಡೆಗೂ, ನಿಯಾಜ್ ಮಾಸಿದ ಅಂಗಿಯಲ್ಲಿ ಮುನಿಸಿಪಾಲಿಟಿ ಶಾಲೆಯ ಕಡೆಗೂ ಹೊರಟರೆ ಅವಳು ಬಾಗಿಲಲ್ಲಿ ನಿಂತು ಬಿಳಿ ಅಂಗಿಯನ್ನೇ ನೋಡುತ್ತಿದ್ದಳು. ಮೊದಮೊದಲು ರೊಟ್ಟಿ ಬಡಿಸುವಾಗ ಸೀದದ್ದು ಮಾದೇಶನ ತಟ್ಟೆಗೆ ಹೋಗುತ್ತಿತ್ತು. ಬೇಕೆಂದು ಹಾಕುತ್ತಿರಲಿಲ್ಲ, ಕೈ ತಾನಾಗಿ ಹಾಗೆ ಹೋಗುತ್ತಿತ್ತು. ಹುಡುಗ ಮಾತಾಡದೆ ತಿನ್ನುತ್ತಿದ್ದ. ಬೈದರೆ ಉತ್ತರ ಕೊಡುವ ಮಕ್ಕಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ಸೀದ ರೊಟ್ಟಿಯನ್ನು ಸುಮ್ಮನೆ ತಿನ್ನುವವನ ಮೇಲೆ ಎಷ್ಟು ದಿನ ಅಂತ ಸಿಟ್ಟು ಮಾಡಿಕೊಳ್ಳುವುದು?

ಇನ್ನು ಹುಡುಗರಿಬ್ಬರೂ ಅವಳ ಹೊಟ್ಟೆಯುರಿಯನ್ನು ಕೇಳಿ ಸ್ನೇಹ ಮಾಡಿಕೊಳ್ಳಲಿಲ್ಲ. ವಾರ ಕಳೆಯುವುದರೊಳಗೆ ಒಂದೇ ಚಾಪೆಯಲ್ಲಿ ಮಲಗಿ ಗುಸುಗುಸು ಮಾಡುತ್ತಿದ್ದರು. ನಿಯಾಜನನ್ನು ಕೇಳಿ ಕೇಳಿ ಮಾದೇಶನೂ ಅವಳನ್ನು ‘ಅಮ್ಮಿ’ ಎನ್ನತೊಡಗಿದ. ಅವನು ಮುದ್ದೆಗೆ ಹಂಬಲಿಸುತ್ತಾನೆ ಎಂದು ನಿಯಾಜನ ಬಾಯಿಂದ ತಿಳಿದು, ಒಂದು ದಿನ ಅವಳೇ ಕೋಲು ಹಿಡಿದು ಮುದ್ದೆ ತಿರುವಿದಳು. ಗಂಟುಗಂಟಾಯಿತು. ಹುಡುಗ ಗಂಟುಗಳನ್ನೂ ಮಾತಾಡದೆ ನುಂಗಿ, ಇನ್ನೊಂದು ಹಾಕಿಸಿಕೊಂಡ.

ಅವಳನ್ನು ಪೂರಾ ಸೋಲಿಸಿದ್ದು ಮಾತ್ರ ಒಂದು ಭಾನುವಾರ.

ಹಿಂದಿನ ದಿನ ಮಧ್ಯಾಹ್ನ ಮಾದೇಶ ಕುಣಿಯುತ್ತ ಊರಿಗೆ ಹೋಗಿದ್ದ. ಭಾನುವಾರ ಸಂಜೆ ಬಂದವನು ಚೀಲ ಇಟ್ಟು, ಉಣ್ಣದೆ, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ. ಬದ್ರುನ್ನೀಸಾ ಪಕ್ಕದಲ್ಲಿ ಕೂತಳು.

“ಏನಾಯ್ತೋ? ನಿಮ್ಮವ್ವ ಬೈದ್ಳಾ?”

“ಇಲ್ಲ.”

“ಮತ್ತೆ?”

ಗೋಡೆಗೆ ಹೇಳುವವನ ಹಾಗೆ ಹೇಳಿದ. “ನನ್ನ ಒಳಕ್ಕೇ ಸೇರಿಸ್ನಿಲ್ಲ. ಹುಳ ಮೂರ್ನೇ ಜ್ವರದಲ್ಲವೆ. ನನ್ ಮೈಯೆಲ್ಲ ಗೂಡು ಬೇಯ್ಸಿದ್ ವಾಸ್ನೆಯಂತೆ, ಹುಳಕ್ಕಾಗಲ್ಲವಂತೆ. ಹುಣಸೇಮರದ್ ಕೆಳ್ಗೆ ಉಣ್ಣಾಕಿಕ್ಕುದ್ಲು. ಚಿಕ್ಕಪ್ಪನ್ ಮನೇಲಿ ಮನಗಿದ್ದೆ.”

ರೇಷ್ಮೆ ಹುಳು ಸಾಕುವ ಮನೆಯ ಕಥೆ ಬದ್ರುನ್ನೀಸಾಳಿಗೆ ಗೊತ್ತಿಲ್ಲದ್ದಲ್ಲ. ಹುಳು ಪೊರೆ ಬಿಡಲು ಮಂಕಾಗಿ ಮಲಗುವುದಕ್ಕೆ ಜ್ವರ ಎನ್ನುತ್ತಾರೆ. ಆಗ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಒಗ್ಗರಣೆ ಹಾಕುವುದಿಲ್ಲ, ಹೂ ಮುಡಿಯುವುದಿಲ್ಲ. ಹಸುಗೂಸಿಗಿಂತ ಹೆಚ್ಚು ಮಡಿ. ಅದರಲ್ಲೂ ನೂಲು ತೆಗೆಯುವ ಮನೆಯ ವಾಸನೆ ಹುಳುವಿಗೆ ಸಾವಿನ ವಾಸನೆ ಎಂದು ಅವರು ನಂಬುತ್ತಾರೆ. ನೆನೆಸಿಕೊಂಡರೆ ಸುಳ್ಳೂ ಅಲ್ಲ. ಬೋರಮ್ಮ ಮಾಡಿದ್ದರಲ್ಲಿ ತಪ್ಪಿರಲಿಲ್ಲ. ವರ್ಷದ ಅನ್ನ ಆ ಹುಳುವಿನ ತಟ್ಟೆಗಳಲ್ಲಿ ಮೇಯುತ್ತಿತ್ತು. ಆದರೆ ಹತ್ತು ವರ್ಷದ ಹುಡುಗನಿಗೆ ಇದನ್ನೆಲ್ಲ ಯಾವ ಬಾಯಲ್ಲಿ ಹೇಳುವುದು?

ಅವಳು ಅವನ ತಲೆಯನ್ನು ಮೂಸಿ ನೋಡಿದಳು. ತನ್ನ ಮೂಗಿಗೆ ಏನೂ ತಿಳಿಯಲಿಲ್ಲ. ನಿಯಾಜನ ತಲೆ ಹೇಗಿರುತ್ತಿತ್ತೋ ಹಾಗೇ ಇತ್ತು. ಅವತ್ತಿನಿಂದ ಸೀದ ರೊಟ್ಟಿ ಅವಳೇ ತಿನ್ನತೊಡಗಿದಳು.

ಅದಾದ ಕೆಲವೇ ದಿನಕ್ಕೆ ಆಚಾರ್ಯರು ಇನ್ನೊಂದು ವಾರ ಬಿಟ್ಟು ಬರುವ ಭಾನುವಾರ ಈ ಬೀದಿಗೆ ಬರುತ್ತಾರೆ ಎಂದು ಗೊತ್ತಾಯಿತು. ಬೈರಪ್ಪ ಬೆರಳು ಮಡಿಸಿ ಲೆಕ್ಕ ಹಾಕಿದ. ಅಷ್ಟರೊಳಗೆ ನಾಲ್ಕನೇ ಜ್ವರ ಕಳೆದು, ಹುಳು ಹಣ್ಣಾಗಿ ಗೂಡು ಕಟ್ಟಲು ಕೂತಿರುತ್ತದೆ, ಬೋರಮ್ಮನಿಗೆ ಬಿಡುವಾಗುತ್ತದೆ. ಲೆಕ್ಕವೇನೋ ಸರಿಯೇ. ಆದರೆ ಶ್ರಾವಣದ ಜಡಿಮಳೆ ಹಿಡಿದು ಊರೆಲ್ಲ ತಣ್ಣಗಾಯಿತು. ಚಳಿಗೆ ಹುಳು ಮೇಯುವುದು ನಿಧಾನ, ಹಣ್ಣಾಗುವುದೂ ನಿಧಾನ. ಮೇಷ್ಟ್ರಿಗೆ ಸುಳ್ಳು ಹೇಳಬಹುದು, ಹುಳುವಿಗೆ ಅವಸರ ಮಾಡು ಎಂದು ಹೇಳಲಾಗುತ್ತದೆಯೇ? ಶನಿವಾರ ಸಂಜೆ ಬಸ್ ಕಂಡಕ್ಟರನ ಕೈಲಿ ಸುದ್ದಿ ಬಂತು. ಹುಳು ಈಗ ಹಣ್ಣಾಗುತ್ತಿದೆ, ಒಂದೊಂದನ್ನೂ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಗಂಡಹೆಂಡಿರಿಬ್ಬರೂ ಅಲ್ಲಾಡುವ ಹಾಗಿಲ್ಲ, ಬದ್ರಮ್ಮನೇ ಏನಾದರೂ ಮಾಡಿ ನಿಭಾಯಿಸಬೇಕು.

ಆ ಸುದ್ದಿ ಬಂದಾಗ ಗಫಾರನ ತಮ್ಮ ಶುಕೂರ್ ಅಲ್ಲೇ ಇದ್ದ. ಚನ್ನಪಟ್ಟಣದಲ್ಲಿ ಬಣ್ಣದ ಬೊಂಬೆಗಳ ವ್ಯಾಪಾರ ಅವನದು, ಮಾತಿಗೂ ಒಳ್ಳೆ ಬಣ್ಣ ಹಾಕುತ್ತಿದ್ದ.

“ಅಲ್ಲಾನೇ ದಾರಿ ತೋರ್ಸವ್ನೆ ಭಾಬಿ,” ಎಂದ. “ಈ ಹುಡ್ಗನ ಸೀಟು ಹೋದ್ರೆ ಅದು ಯಾರಿಗ್ ಬತ್ತದೆ? ನಮ್ ನಿಯಾಜ್‌ಗೆ.”

“ಅದ್ಕೆ ನಾನ್ ಸುಳ್ಳು ಹೇಳ್ಬೇಕಾ?”

“ಸುಳ್ಳು ಹೇಳು ಅಂತ ನಾನೆಲ್ಲಂದೆ? ನಿಜ ಹೇಳು ಅಂತಿವ್ನಿ. ಇದು ಅವನ್ ಮನೆಯಲ್ಲ, ಅವ್ರಮ್ಮ ಇಲ್ಲಿಲ್ಲ. ಇದ್ರಲ್ಲಿ ಯಾವ್ದು ಸುಳ್ಳು?”

ಬದ್ರುನ್ನೀಸಾ ಬಾಣಲೆಗೆ ನೀರು ಹಾಕುವ ನೆಪದಲ್ಲಿ ಎದ್ದು ಹೋದಳು. ಜೀವನದಲ್ಲಿ ಒಳ್ಳೆಯದನ್ನು ಮಾಡಲು ಸುಳ್ಳೂ, ಕೆಟ್ಟದ್ದನ್ನು ಮಾಡಲು ನಿಜವೂ ಬೇಕಾಗುವ ದಿನ ಬರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಿಯಾಜ್ ಬಿಳಿ ಅಂಗಿ ತೊಟ್ಟು ಬಂಡೆಯ ಕಡೆ ನಡೆಯುವುದು ಕಣ್ಣಿಗೆ ಕಟ್ಟಿತು. ಆಸೆಯಾಯಿತು. ತುಂಬಾ ಆಸೆಯಾಯಿತು. ಹೆತ್ತ ಮಗನಿಗೆ ಒಂದು ಸೀಟು ಬೇಕೆನ್ನುವುದು ಪಾಪವೇ?

ಭಾನುವಾರ ಬೆಳಿಗ್ಗೆ ಆಚಾರ್ಯರು ಕೊಡೆ ಮಡಿಸುತ್ತ ಬಂದರು. ಸಣಕಲು ಶರೀರ, ಹಣೆಯ ಮೇಲೆ ತೆಳ್ಳಗೆ ನಾಮ, ಕರಿ ಕೋಟು. ಹೊಸಿಲು ದಾಟುತ್ತಲೇ ವಾಸನೆಗೆ ಒಂದು ಕ್ಷಣ ಉತ್ತರೀಯ ಮೂಗಿನವರೆಗೆ ಹೋಯಿತು, ಮರ್ಯಾದೆಗೆ ಮತ್ತೆ ಕೆಳಗಿಳಿಯಿತು. ಗಫಾರ್ ಮಣೆ ಹಾಕಿ ಕೈಕಟ್ಟಿ ನಿಂತ. ಮಾದೇಶ ಬಿಳಿ ಅಂಗಿ ತೊಟ್ಟು ಕಂಬಕ್ಕೆ ಅಂಟಿಕೊಂಡಿದ್ದ. ನಿಯಾಜ್ ಹೊರಗೆ ಸೌದೆ ರಾಶಿಯ ಮೇಲೆ ಹತ್ತಿ ಕೂತಿದ್ದ. ಅಲ್ಲಿಂದ ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು.

ಬದ್ರುನ್ನೀಸಾ ಒಳಬಾಗಿಲಿನ ಪರದೆಯ ಹಿಂದಿದ್ದಳು. ಸೆರಗು ತಲೆಯ ಮೇಲಿತ್ತು.

“ಇಲ್ಲಿ ಹುಡುಗನನ್ನು ನೋಡಿಕೊಳ್ಳುವ ತಾಯಿ ಯಾರು?” ಎಂದರು ಆಚಾರ್ಯರು.

ಗಫಾರ್ ನೆಲ ನೋಡಿದ. ಪರದೆಯ ಹಿಂದಿನಿಂದ ಸಣ್ಣ ದನಿ ಬಂತು. “ನಾನು ಸ್ವಾಮಿ.”

ಆಚಾರ್ಯರು ಪರದೆಯ ಕಡೆ ನೋಡಿದರು, ಮಾದೇಶನ ಕಡೆ ನೋಡಿದರು. ದೊಡ್ಡಆಲಹಳ್ಳಿಯ ಬೈರಪ್ಪನ ಮಗನಿಗೆ ಈ ಮನೆಯ ತಾಯಿ ಹೇಗಾದಳು ಎಂದು ತಿಳಿಯಲು ಬಂಡೆ ಸ್ಕೂಲಿನ ಪರೀಕ್ಷೆ ಪಾಸು ಮಾಡಬೇಕಾಗಿರಲಿಲ್ಲ. ಆದರೂ ಅವರು ಅದನ್ನು ಆಗ ಕೇಳಲಿಲ್ಲ. ಅಭ್ಯಾಸಬಲ, ತಮ್ಮ ಪ್ರಶ್ನೆಯನ್ನೇ ಮೊದಲು ಕೇಳಿದರು.

“ಇವನಲ್ಲಿ ಏನು ಕೊರತೆ?”

ಏನು ಹೇಳಬೇಕೆಂದು ಬದ್ರುನ್ನೀಸಾ ಇನ್ನೂ ತೀರ್ಮಾನಿಸಿರಲಿಲ್ಲ. ಶುಕೂರನ ನಿಜ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಕೊರತೆ ಎಂಬ ಮಾತು ಕಿವಿಗೆ ಬಿದ್ದದ್ದೇ, ಎರಡು ತಿಂಗಳಿಂದ ಕಟ್ಟಿಟ್ಟದ್ದು ಒಡೆದುಕೊಂಡು ಬಂತು.

“ಒಂದಾ ಎರಡಾ ಸ್ವಾಮಿ? ಯಾವ್ದೂಂತ ಹೇಳ್ಲಿ? ಬಾಯ್ ಬಿಟ್ ಏನೂ ಕೇಳಾಕಿಲ್ಲ. ಹಸಿವಾದ್ರೂ ಕೇಳಾಕಿಲ್ಲ, ಒಸಿ ಸಾರು ಹಾಕು ಅನ್ನಾಕಿಲ್ಲ. ಮುದ್ದೆ ಗಂಟಾದ್ರೆ ಗಂಟಾಗೈತೆ ಅನ್ಬೇಕೋ ಬ್ಯಾಡ್ವೋ? ನುಂಗ್ತಾನೆ! ನಾನ್ ಹೆಂಗ್ ಕಲ್ತ್ಕಳ್ಳಿ? ಮೊನ್ನೆ ಮೈ ಕೆಂಡದಂಗ್ ಸುಡ್ತಾ ಇತ್ತು, ಹಂಗೇ ಸ್ಕೂಲ್‌ಗ್ ಹೊಂಟವ್ನೆ. ಎಳ್ಕಂಡ್ ಬಂದ್ ಮಲಗ್ಸುದ್ರೆ ನಂಗೇನೂ ಆಗಿಲ್ಲ ಅಂತಾನೆ. ಜಿದ್ದು ಸ್ವಾಮಿ, ಕತ್ತೆ ಜಿದ್ದು! ಚಡ್ಡಿ ಹರ್ದ್ರೆ ಪಿನ್ನು ಚುಚ್ಕಂಡ್ ಹೋಯ್ತಾನೆ, ಹೊಲ್ಕೊಡು ಅನ್ನಾಕೆ ನಾಲ್ಗೆ ಇಲ್ಲ. ಮಳೇಲಿ ಪುಸ್ತಕಾನ ಅಂಗಿ ಒಳಿಕ್ಕೆ ಇಟ್ಕಂಡು ತಾನ್ ನೆನ್ಕಂಡ್ ಬತ್ತಾನೆ. ಪುಸ್ತಕ ಇನ್ನೊಂದ್ ಸಿಕ್ತದೆ, ಇವ್ನು ಇನ್ನೊಬ್ಬ ಸಿಗ್ತಾನಾ? ನಿದ್ದೇಲಿ ಮಗ್ಗಿ ಹೇಳ್ತಾನೆ, ಹದಿಮೂರ್ರಲ್ಲಿ ತಪ್ಪೋಗಿ ಎದ್ ಕೂತ್ಕತಾನೆ. ಇನ್ನು ಅಳಾದು! ಅಳ್ಬೇಕಾದ್ರೆ ಗೋಡೆ ಕಡೀಕ್ ತಿರುಗ್ತಾನೆ. ನಂಗೆ ತಿಳ್ಯಾಕಿಲ್ಲ ಅನ್ಕಂಡವ್ನೆ. ಬೆನ್ ನೋಡುದ್ರೆ ಗೊತ್ತಾಗಲ್ವಾ ನಂಗೆ?”

ಇಷ್ಟು ಹೇಳುವ ಹೊತ್ತಿಗೆ ಅವಳು ಪರದೆ ಸರಿಸಿ ಹೊರಗೆ ಬಂದು ನಿಂತಿದ್ದಳು. ಯಾವಾಗ ಬಂದಳೋ ಅವಳಿಗೇ ಗೊತ್ತಿರಲಿಲ್ಲ. ಮಾದೇಶ ಕಂಬವನ್ನು ತಬ್ಬಿಕೊಂಡು ತಲೆ ತಗ್ಗಿಸಿದ್ದ. ಗಫಾರ್ ಮದುವೆಯಾದಾಗಿನಿಂದ ಹೆಂಡತಿಯ ಬಾಯಲ್ಲಿ ಪರಪುರುಷರೆದುರು ಇಷ್ಟು ಮಾತು ಕೇಳಿರಲಿಲ್ಲ.

“ಇವನನ್ನು ಹೆತ್ತವರು ನೀವಲ್ಲ,” ಎಂದರು ಆಚಾರ್ಯರು ಮೆಲ್ಲಗೆ.

“ಅಲ್ಲ ಸ್ವಾಮಿ.” ಸುಳ್ಳು ಹೇಳಲು ಅವಳಿಗೆ ಆಗಲಿಲ್ಲ. “ಹೆತ್ತೋಳು ದೊಡ್ಡಾಲಳ್ಳೀಲವ್ಳೆ. ಹುಳ ಹಣ್ಣಾಗ್ತಾ ಐತೆ, ಬರಾಕಾಗ್ನಿಲ್ಲ.”

“ಹಾಗಾದರೆ ಇದು ಇವನ ಮನೆಯಲ್ಲ. ನಮ್ಮ ಶಾಲೆಯ ನಿಯಮ ನಿಮಗೆ ಗೊತ್ತಲ್ಲ?”

“ಗೊತ್ತು.”

“ಇವನು ಹೋದರೆ ಆ ಜಾಗಕ್ಕೆ ಬರುವ ಹುಡುಗ ಯಾರು ಎಂಬುದೂ ಗೊತ್ತೆ?”

ಹೊರಗೆ ಸೌದೆಯ ಮೇಲೆ ಏನೋ ಕದಲಿದ ಸದ್ದಾಯಿತು. ಬದ್ರುನ್ನೀಸಾ ಆ ಕಡೆ ತಿರುಗಲಿಲ್ಲ. ತಿರುಗಿದ್ದರೆ ಮುಂದಿನ ಮಾತು ಹೊರಡುತ್ತಿರಲಿಲ್ಲ.

“ಅದೂ ಗೊತ್ತು ಸ್ವಾಮಿ,” ಎಂದಳು. “ಆದ್ರೆ ಒಂದ್ ಮಾತ್ ಕೇಳಿ. ಹದ್ನೈದ್ ದಿನದ್ ಹಿಂದೆ ಈ ಮಗ ಅವ್ರಮ್ಮನ್ ತಾವ ಹೋಗಿದ್ದ. ಮೈಯೆಲ್ಲ ನಮ್ಮನೆ ವಾಸ್ನೆ ಐತೆ, ಹುಳಕ್ಕಾಗಲ್ಲ ಅಂತ ಅವ್ನ ಬಾಗ್ಲಿಂದ ಒಳಿಕ್ ಬಿಡ್ನಿಲ್ಲ. ಅವ್ಳ ತಪ್ಪಲ್ಲ, ಅವ್ರ ಕಸುಬು ಹಂಗೆ. ನಮ್ಮನೇವ್ನು ಅಂತ ಆ ಮನೆ ಹೊರಿಕ್ ಹಾಕ್ತು. ಈಗ ಇದೂ ಇವನ್ ಮನೆಯಲ್ಲ ಅಂತ ನೀವಂದ್ರೆ ಎಲ್ಲಿಗ್ ಹೋಯ್ತಾನೆ, ಹೇಳಿ?”

ಹಿತ್ತಲಲ್ಲಿ ಬಾಣಲೆ ಕುದಿಯುತ್ತಿತ್ತು. ಆಚಾರ್ಯರು ಮಾದೇಶನನ್ನು ಹತ್ತಿರ ಕರೆದು, ಅವನ ತಲೆಯನ್ನು ಬಗ್ಗಿಸಿ, ಮಡಿವಂತರು ಮಾಡಬಾರದ ಒಂದು ಕೆಲಸ ಮಾಡಿದರು. ಹುಡುಗನ ನೆತ್ತಿಯನ್ನು ಮೂಸಿದರು.

“ಜೂನ್‌ನಲ್ಲಿ ಇವನಿಗೆ ಈ ವಾಸನೆ ಇರಲಿಲ್ಲ,” ಎಂದರು. “ಈಗ ಎರಡನೇ ಬೆಂಚಿನಿಂದ ನನ್ನ ಮೇಜಿನವರೆಗೂ ಬರುತ್ತದೆ. ಏನಿರಬಹುದು ಎಂದುಕೊಳ್ಳುತ್ತಿದ್ದೆ.” ಉತ್ತರೀಯದಿಂದ ಕಣ್ಣೊರೆಸಿಕೊಂಡರು. ಒಲೆಯ ಹೊಗೆ ಇರಬಹುದು ಎಂದು ಗಫಾರ್ ಆಮೇಲೆ ಬೀದಿಯವರಿಗೆ ಹೇಳಿದ, ಆದರೆ ಅಂದು ಹೊಗೆ ಹಿತ್ತಲ ಕಡೆಗೆ ಹೋಗುತ್ತಿತ್ತು. “ನಾನು ಏಳು ಮನೆಯಲ್ಲಿ ಎಂಟು ವರ್ಷ ಉಂಡೆ ತಾಯಿ. ಒಂದು ಮನೆಯ ವಾಸನೆಯೂ ನನಗೆ ಅಂಟಲಿಲ್ಲ.”

ಕೊಡೆ ತೆಗೆದುಕೊಂಡು ಎದ್ದರು. “ಹುಡುಗ ಮನೆಯಲ್ಲೇ ಇದ್ದಾನೆ. ನೋಡಿದ್ದಾಯಿತು. ಸುಳ್ಳು ಹೇಳಿದ ಅವನ ಅಪ್ಪನನ್ನು ಮಾತ್ರ ಗೂಡು ಬಿಡಿಸಿದ ಮೇಲೆ ನನ್ನ ಹತ್ತಿರ ಕಳಿಸಿ, ಅವನಿಗಿದೆ.”

ಅಂಗಳದಲ್ಲಿ ಸೌದೆ ರಾಶಿಯ ಮುಂದೆ ನಿಂತರು. “ನೀನು ನಿಯಾಜ್ ಅಲ್ಲವೇನೋ? ಭಿನ್ನರಾಶಿಯಲ್ಲಿ ಅವಸರ ಮಾಡಿದೆ. ಎರಡು ಲೆಕ್ಕ ಹೋಯಿತು. ಏಪ್ರಿಲ್‌ನಲ್ಲಿ ಮತ್ತೆ ಬಾ.” ಆಚಾರ್ಯರು ಮಳೆಗೆ ಕೊಡೆ ಬಿಚ್ಚಿ ಹೊರಟುಹೋದರು.

ಬದ್ರುನ್ನೀಸಾ ಅಂಗಳಕ್ಕೆ ಬರಲು ಹೆದರಿದಳು. ಬೇರೆಯವರ ಮಗನನ್ನು ಉಳಿಸಿಕೊಟ್ಟದ್ದಾಯಿತು. ತನ್ನ ಮಗನಿಗೆ ಯಾವ ಮುಖ ತೋರಿಸುವುದು? ಮಧ್ಯಾಹ್ನ ನಿಯಾಜ್ ಉಣ್ಣಲು ಬರಲಿಲ್ಲ. ಸೂರಿನಡಿಯ ಸೌದೆಯ ಮೇಲೆ ಮೊಣಕಾಲು ತಬ್ಬಿಕೊಂಡು ಕೂತೇ ಇದ್ದ. ಮಾದೇಶ ಎರಡು ಸಲ ಹೋಗಿ ಕರೆದು, ಉತ್ತರ ಸಿಗದೆ ವಾಪಸ್ ಬಂದು, ತಾನೂ ಉಣ್ಣದೆ ಕೂತ. ಸಂಜೆಯಾಗುತ್ತ ಬಂತು. ಕೊನೆಗೆ ಅವಳು ಚರಕ ಬಿಟ್ಟೆದ್ದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಮಗನ ಹತ್ತಿರ ಹೋಗಿ ನಿಂತಳು.

“ಕೋಪಾನಾ ನಿಯಾಜ್? ಬೈಯ್ಯಿ. ಬೈಸ್ಕತೀನಿ.”

ನಿಯಾಜ್ ಅವಳನ್ನು ನೋಡಲಿಲ್ಲ. “ನಂದೂ ಹೇಳು,” ಎಂದ.

“ಏನು?”

“ಕೊರ್ತೆ. ಅವ್ನದು ಅಷ್ಟುದ್ದ ಹೇಳ್ದೆ. ಅವ್ನ್ ಬೆನ್ನು, ಅವ್ನ್ ಚಡ್ಡಿ, ಅವ್ನ್ ಮಗ್ಗಿ ಎಲ್ಲ ಗೊತ್ತು ನಿಂಗೆ. ಮುಂದಿನ್ ವರ್ಷ ಮೇಷ್ಟ್ರು ಬಂದು ನಂದೂ ಕೇಳುದ್ರೆ ಏನಂತೀಯ? ಈಗ್ಲೇ ಹೇಳು.”

ಬದ್ರುನ್ನೀಸಾ ಬಾಯಿ ತೆರೆದಳು. ಬೆಳಿಗ್ಗೆ ಹೊಳೆ ಹರಿದ ಹಾಗೆ ಹರಿದಿದ್ದ ಮಾತು ಒಂದೂ ಬರಲಿಲ್ಲ. ಮಗನ ಮುಖ ನೋಡಿದಳು. ಸೌದೆಯ ಚಕ್ಕೆ ಅಂಟಿದ ಕೆನ್ನೆ, ಅತ್ತು ಊದಿದ ಕಣ್ಣು. ಇಡೀ ದಿನ ಹಸಿದಿದ್ದಾನೆ, ಸೀಟು ಹೋಗಿದೆ, ಆದರೂ ಏಪ್ರಿಲ್‌ಗೆ ಆಗಲೇ ತಯಾರಾಗುತ್ತಿದ್ದಾನೆ. ಇವನಲ್ಲಿ ಎಲ್ಲಿಂದ ತರುವುದು ಕೊರತೆಯನ್ನು? ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಜನ ನಗುತ್ತಾರೆ. ನಗುವವರು ನಗಲಿ.

“ಏನೂ ಇಲ್ಲ ಕಣೋ,” ಎಂದಳು. ಕಣ್ಣಲ್ಲಿ ನೀರು ಬಂದುಬಿಟ್ಟಿತು. “ನಿನ್ನಲ್ಲಿ ಏನೂ ಕೊರ್ತೆ ಇಲ್ಲ.”

“ಅಯ್ಯೋ, ಹಂಗಂದ್ರೆ ಆಗಾಕಿಲ್ಲ ಅಮ್ಮಿ!” ಬಾಗಿಲಿನಿಂದ ಮಾದೇಶ ಕೂಗಿಕೊಂಡ. ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ಆ ಮನೆ ಅದೇ ಮೊದಲು ಕೇಳಿದ್ದು. “ಹಂಗಂದ್ರೆ ಮೇಷ್ಟ್ರು ಎದ್ದೋಯ್ತಾರೆ. ನಾನ್ ಹೇಳ್ಕೊಡ್ತೀನಿ. ರಾತ್ರಿ ಕಂಬ್ಳಿಯೆಲ್ಲ ಎಳ್ಕತಾನೆ. ಲೆಕ್ಕ ಪೂರಾ ಓದಕ್ ಮುಂಚೇನೆ ಉತ್ರ ಬರೀತಾನೆ. ಬುಗುರಿ ಆಟದಾಗೆ ಮೋಸ ಮಾಡ್ತಾನೆ. ಆಮೇಕೆ…”

“ಯಾವನ್ಲಾ ಮೋಸ ಮಾಡ್ದೋನು?” ನಿಯಾಜ್ ಸೌದೆಯಿಂದ ಅರ್ಧ ಇಳಿದ.

“ಆಮೇಕೆ,” ಮಾದೇಶ ಕಂಬದ ಹಿಂದಕ್ಕೆ ಸರಿಯುತ್ತ ಹೇಳಿದ, “ಇವನ್ ಸೀಟು ನಾನ್ ತಗಂಡೆ. ಅಷ್ಟಾದ್ರೂ ಒಂದಿನಾನೂ ನನ್ ಮ್ಯಾಲೆ ಜಗಳ ತೆಗೀನಿಲ್ಲ. ಬಿಳಿ ಅಂಗಿ ಗುಂಡಿನೂ ಇವ್ನೇ ಹಾಕ್ಕೊಡ್ತಾನೆ. ಒಸಿನೂ ಬುದ್ಧಿ ಇಲ್ಲ ಅಮ್ಮಿ ಇವ್ನಿಗೆ. ಇದ್ನೂ ಹೇಳ್ಬುಡು.”

ನಿಯಾಜ್ ಪೂರ್ತಿ ಇಳಿದು ಬಂದು ಮಾದೇಶನ ತಲೆಗೆ ಒಂದು ಮೊಟಕಿ, ನಡೀಲಾ ಹಸಿವು, ಎಂದು ಅವನ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದ. ಬದ್ರುನ್ನೀಸಾ ಅಂಗಳದಲ್ಲೇ ಸ್ವಲ್ಪ ಹೊತ್ತು ನಿಂತು ಮುಖ ತೊಳೆದುಕೊಂಡಳು. ಆಮೇಲೆ ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು.

ಅವತ್ತೂ ಮುದ್ದೆ ಗಂಟಾಯಿತು.

“ಅಮ್ಮಿ,” ಎಂದ ಮಾದೇಶ, ತಟ್ಟೆ ನೋಡುತ್ತ, ಹೆದರುತ್ತ ಹೆದರುತ್ತ. “ಗಂಟಾಗೈತೆ.”